ಜಗ್ಲಿ ಕಲ್ಲಿನ ಚೌಕಾಬಾರ

ಹೋದ ತಿಂಗ್ಳು ಬೆಂಗ್ಳೂರಲ್ಲಿ ಮಗನ ಮನೇಲಿದ್ದೆ. ಭಾನ್ವಾರ ಅವನ ಸ್ನೇಹಿತ್ರು ಐದು ಜನ ಬಂದು ಊಟದ ಮೇಜಿನ ಸುತ್ತ ಕೂತ್ಕಂಡ್ರು. ಒಬ್ಬ ಕಳ್ಳನಂತೆ, ಒಬ್ಬಳು ಮಂತ್ರಗಾತಿಯಂತೆ. ಇಪ್ಪತ್ತು ಮುಖದ ದಾಳ ಉರುಳಿಸ್ತಾರೆ. ಇನ್ನೊಬ್ಬ ಮಾತ್ರ ಯಾವ ಪಕ್ಷಾನೂ ಸೇರದೆ ಕಥೆ ಹೇಳ್ತಾ, ಜಗಳ ಬಿಡಿಸ್ತಾ ಆಟ ನಡೆಸ್ತಿದ್ದ. "ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಕಣಮ್ಮ, 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು" ಅಂದ ಮಗ. ಆ ಹುಡುಗನ್ನ ನೋಡಿ ನಂಗೆ ನಮ್ಮತ್ತೆ ಗ್ಯಾಪಕ ಬಂದ್ರು.

ನಾನು ಜಿನನಾಥಪುರಕ್ಕೆ ಸೊಸೆಯಾಗಿ ಬಂದಾಗ ಜಗ್ಲಿ ಹಾಸುಗಲ್ಲಿನ ಮೇಲೆ ಇಪ್ಪತ್ತೈದು ಮನೆಯ ಚೌಕಾಬಾರ ಕೆತ್ತಿತ್ತು. ಯಾರು ಕೆತ್ತಿದ್ರೋ, ಅತ್ತೆ ಮದ್ವೆಯಾಗಿ ಬರೋ ಹೊತ್ತಿಗೇ ಇತ್ತಂತೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಕ್ಕಪಕ್ಕದೋರು ನಾಕು ಜನ ನಾಕು ದಿಕ್ಕಿಗೆ ಕೂರೋರು. ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಹುಣಸೆಬೀಜ, ಒಬ್ಬರಿಗೆ ಕಲ್ಲು, ಒಬ್ಬರಿಗೆ ಕಡ್ಡಿ. ಅತ್ತೆ ಆಡ್ತಿರಲಿಲ್ಲ, ಆಡಿಸೋರು. ಕವಡೆ ಅವರ ಸೆರಗಿನ ಗಂಟಲ್ಲಿ. ನಾಕು ಕವಡೆ ಬಾಯಿ ಮೇಲಾಗಿ ಬಿದ್ರೆ ಚೌಕ, ನಾಕೂ ಬೋರಲು ಬಿದ್ರೆ ಎಂಟು, ಅದೇ ಬಾರ. ಎರಡಕ್ಕೂ ಇನ್ನೊಂದು ಆಟ ಉಂಟು. ಹೊರಸುತ್ತಿನ ಹದಿನಾರು ಮನೆ ತಿರುಗಿ, ಒಬ್ಬರನ್ನಾದ್ರೂ ಕಡಿದ್ರೆ ಮಾತ್ರ ಒಳಸುತ್ತಿನ ಎಂಟು ಮನೆಗೆ ದಾರಿ. ನಡುಮನೆ ಸೇರಿದ ಕಾಯಿ ಹಣ್ಣಾಯ್ತು ಅಂತ ಲೆಕ್ಕ. ಯಾರದಾದ್ರೂ ಕಾಯಿ ಕಡಿದ್ರೆ ಅತ್ತೆ ಸುಮ್ನೆ ಇರ್ತಿರಲಿಲ್ಲ. "ಬಸುರಿ ಹೆಂಗ್ಸು ತವರಿಗೆ ಹೊರಟಿದ್ಲು, ಕಟ್ಟೆ ಮೇಲೆ ಕೂತಿದ್ರೆ ಉಳೀತಿದ್ಲು, ದುಡುಕಿದ್ಲು" ಅಂತ ಆ ಹುಣಸೆಬೀಜಕ್ಕೂ ಒಂದು ಬಾಳು ಕಟ್ಟೋರು. ನಗ್ತಾ ನಗ್ತಾ ಕೆಲವರು ಅಳೋರು. ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಕವಡೆ ಗಂಟು ಸೇರಬೇಕು, ಆಟ ಅರ್ಧಕ್ಕೇ ನಿಂತ್ರೂ ಸರಿ.

ಈ ಆಟಗಳು ಸಣ್ಣವೇನಲ್ಲ. ಹಂಪೆಗೆ ಪ್ರವಾಸ ಹೋದೋರು ಮಂಟಪದ ನೆಲದಲ್ಲಿ ಗೀಚಿದ ಹಾಸು ನೋಡಿರ್ತೀರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794–1868) ಇದರ ಹುಚ್ಚು ಬಲು. 1831ರಲ್ಲಿ ಬ್ರಿಟಿಷರು ಆಡಳಿತ ತಗೊಂಡ ಮೇಲೆ ಅರಮನೆಯಲ್ಲಿ ಪಂಡಿತರನ್ನ, ಚಿತ್ರಗಾರರನ್ನ ಕೂರಿಸಿಕೊಂಡು ಓದು, ಬರಹ, ಆಟದಲ್ಲೇ ಮನಸ್ಸಿಟ್ಟರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕಡೇದು ಕೌತುಕನಿಧಿ, ಅದರಲ್ಲಿ ಆಟಗಳೂ ಇವೆ. ಚದುರಂಗದ ಕುದುರೆ ಒಂದೇ ಮನೆ ಎರಡು ಸಲ ತುಳೀದೆ ಅರವತ್ನಾಲ್ಕೂ ಮನೆ ಸುತ್ತೋ ಬಂಧಗಳನ್ನ ತಾವೇ ರಚಿಸಿದ್ರು. ಗಂಜೀಫಾ ಎಲೆಯಾಟದಲ್ಲಿ ಒಂದೊಂದು ಕಟ್ಟಿಗೆ 36ರಿಂದ 360 ಎಲೆ! ಅಷ್ಟು ಎಲೆ ಹಂಚಿ, ಜೋಡಿಸಿ ಮುಗಿಸೋದ್ರೊಳಗೆ ನಮ್ಮನೇಲಾದ್ರೆ ಅನ್ನ ಸೀದಿರೋದು. ಉತ್ತರದ ಜೈನರಲ್ಲಿ ಹಾವು ಏಣಿಯ ಜ್ಞಾನಬಾಜಿ ಇತ್ತು, ಎಂಬತ್ನಾಲ್ಕು ಮನೆ. ಪಾಪ ಮಾಡಿದ್ರೆ ಹಾವು, ಪುಣ್ಯಕ್ಕೆ ಏಣಿ, ತುದೀಲಿ ಮೋಕ್ಷ. ನಮ್ಮ ಪಗಡೆ-ಪಚ್ಚೀಸಿಯಿಂದಲೇ ಇಂಗ್ಲೆಂಡಿನವರು 1896ರಲ್ಲಿ ಲೂಡೊ ಮಾಡಿ ಹಕ್ಕು ಬರೆಸಿಕೊಂಡ್ರು. ಅದೇ ಲೂಡೊನ ನಾವು ದುಡ್ಡು ಕೊಟ್ಟು ತಂದ್ವಿ.

ರಾಜರ ಆಟ ಪುಸ್ತಕ ಸೇರ್ತು. ಅತ್ತೆ ಆಟ ಕಲ್ಲಲ್ಲಿ, ಬಾಯಲ್ಲಿ ಇತ್ತು. ಆ ಕಲ್ಲು ಹೋದದ್ದು ಹೆಂಗೆ ಅಂದ್ರೆ, ನಾನೇ ತೆಗೆಸಿದ್ದು. ಮಗಳ ಮದ್ವೆಗೆ ಮುಂಚೆ ಮನೆ ರಿಪೇರಿ, ಜಗ್ಲಿಗೆ ಗ್ರಾನೈಟ್ ಹಾಕ್ಸಿದ್ವಿ. ಮೇಸ್ತ್ರಿ "ಈ ಚಪ್ಪಡಿ ಏನ್ಮಾಡ್ಲಿ ಅಮ್ಮ" ಅಂತ ಕೇಳಿದ್ರು. "ದನದ ಕೊಟ್ಟಿಗೆ ಮುಂದಕ್ಕೆ ಹಾಕಿ" ಅಂದೆ. ಎತ್ತೋವಾಗ ಎರಡು ಹೋಳಾಯ್ತು. ಅತ್ತೆ ಆಗ ಮಂಚ ಹಿಡಿದಿದ್ರು. ಏನೂ ಅನ್ನಲಿಲ್ಲ. ಒಂದ್ಮಾತು ಬೈದಿದ್ರೆ ಚೆನ್ನಾಗಿತ್ತು. ಅವರು ಹೋದ ಮೇಲೆ ಹಳೇ ಸೀರೆಯ ಗಂಟಲ್ಲಿ ನಾಕು ಕವಡೆ ಸಿಕ್ಕಿದ್ವು.

ಅಲ್ಲಿಂದ ನಂಗೆ ಕೂಡಿಸೋ ಹುಚ್ಚು ಹಿಡೀತು. ತವರಿನ ಅಟ್ಟದಿಂದ ಹದಿನಾಲ್ಕು ಗುಳಿಯ ಅಳಗುಳಿ ಮಣೆ ಇಳಿಸಿಕೊಂಡು ಬಂದೆ, ಗೆದ್ದಲು ಒಂದು ಮೂಲೆ ತಿಂದಿತ್ತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಹಳೇ ಆಟಗಳ ಪ್ರದರ್ಶನ ಮಾಡ್ತಾರೆ. ಅಲ್ಲಿಂದ ಒಂದು ಬಟ್ಟೆ ಪಗಡೆ ಹಾಸು ತಂದೆ. ಆಡು-ಹುಲಿಗೆ ಸೀಮೆಸುಣ್ಣ ಸಾಕು. ಬ್ಯಾಸಿಗೆ ರಜಕ್ಕೆ ಮೊಮ್ಮಕ್ಕಳು ಬಂದಾಗ ಈಗ ನಾನು ಆಡಿಸೋಳು. ಸಣ್ಣವಳಿಗೆ ಯಾವಾಗ್ಲೂ ಹುಲೀನೇ ಆಗ್ಬೇಕು, ಆಡಾಗು ಅಂದ್ರೆ ಮುಖ ಊದಿಸ್ತಾಳೆ. ಕಥೆ ಕಟ್ಟೋದು ಮಾತ್ರ ಅತ್ತೆ ಹಂಗೆ ಬರಲ್ಲ.

ಮೊನ್ನೆ ಹೊಳೆನರಸೀಪುರದ ನಾದಿನಿ ಬಂದಿದ್ಲು. ಚೌಕಾಬಾರ ಹಾಕಿದ್ವಿ, ಗ್ರಾನೈಟ್ ಮೇಲೇ, ಸುಣ್ಣದಲ್ಲಿ. ಕಡೀದೇ ಒಳಸುತ್ತಿಗೆ ಕಾಯಿ ನುಗ್ಗಿಸಿದ್ಲು. "ಅವ್ವ ಹಂಗೇ ಹೇಳ್ಕೊಟ್ಟಿದ್ಲು" ಅಂತಾಳೆ. "ನಿಮ್ಮವ್ವ ನಂಗೆ ಕಡೀಲೇಬೇಕು ಅಂದಿದ್ರು" ಅಂತ ನಾನು. ಮಗಳಿಗೊಂದು, ಸೊಸೆಗೊಂದು ಕಾನೂನು ಮಾಡಿದ್ರೋ ಏನೋ! ಕಾಫಿ ಆರಿಹೋಯ್ತು, ಜಗಳ ಮುಗೀಲಿಲ್ಲ. ಪುಸ್ತಕದಲ್ಲಿ ಎರಡೂ ಬರ್ಕಂಡಿದೀನಿ. ನಿಮ್ಮ ಮನೇಲಿ ಹೆಂಗಾಡ್ತಿದ್ರಿ, ಹೇಳ್ರವ್ವ, ಅದನ್ನೂ ಬರ್ಕತೀನಿ.