ಮಿಸ್ಸಿಂಗ್: ಪ್ಲಗ್ಗಿನ ಬಣ್ಣದಿಂದ ಪಿ0301ರವರೆಗೆ

ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆದರೆ, ಅಂದರೆ ಯಾವುದಾದರೂ ಸಿಲಿಂಡರಿನಲ್ಲಿ ಉರಿ ತಪ್ಪಿದರೆ, ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು ಎಂಬುದು ಗ್ಯಾರೇಜುಗಳ ಹಳೇ ಪಾಠ. ಒಂದು ಕಾಲಕ್ಕೆ ದೋಷ ಬಹುಮಟ್ಟಿಗೆ ಅಲ್ಲೇ ಸಿಗುತ್ತಿತ್ತು ಕೂಡ.

1860ರಲ್ಲೇ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿ ಬಳಸಿದ್ದ. ಆದರೆ ಪ್ಲಗ್ಗು ರಸ್ತೆಯ ಗಾಡಿಗೆ ಚೆನ್ನಾಗಿ ಒಗ್ಗಿದ್ದು 1902ರಲ್ಲಿ, ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದ ಮೇಲೆ. 1910ರ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳನ್ನು ಸೇರಿಸಿ ಕಟ್ಟಿದ ವ್ಯವಸ್ಥೆ ನಮ್ಮ ಅಂಬಾಸಿಡರ್, ಪದ್ಮಿನಿಗಳವರೆಗೂ ಹೆಚ್ಚು ಬದಲಾಗದೆ ಬಂತು. ನಮ್ಮಲ್ಲಿ ಮನೆಮಾತಾಗಿದ್ದ ಮೈಕೊ ಪ್ಲಗ್ಗಿನ ಕಂಪನಿ ಬೆಂಗಳೂರಿನ ಆಡುಗೋಡಿಯದು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು.

ಆ ಕಾಲದ ಮೆಕ್ಯಾನಿಕ್ಕಿಗೆ ಎಂಜಿನ್ನಿನ ಒಳಗಿನ ಸುದ್ದಿ ಹೇಳುತ್ತಿದ್ದದ್ದೇ ಪ್ಲಗ್ಗು. ತುದಿ ತಿಳಿಗಂದಾಗಿದ್ದರೆ ಚಿಂತೆಯಿಲ್ಲ. ಒಣ ಮಸಿ ಹಿಡಿದಿದ್ದರೆ ಕಾರ್ಬ್ಯುರೇಟರ್ ಪೆಟ್ರೋಲನ್ನು ಹೆಚ್ಚು ಬಿಡುತ್ತಿದೆ. ಆಯಿಲ್ ಜಿಡ್ಡಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರ್ ಕಿತ್ತು ಕಿವಿಗೊಡುತ್ತಿದ್ದರು. ಯಾವ ವೈರ್ ಕಿತ್ತಾಗ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. (ಷಾಕ್ ಹೊಡೆಸಿಕೊಳ್ಳದ ಮೆಕ್ಯಾನಿಕ್ಕೇ ಇರಲಿಲ್ಲವೆನ್ನಿ.) ಎಮರಿ ಪೇಪರಿನಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಗ್ಯಾಪ್ ಸರಿಮಾಡಿದರೆ ಗಾಡಿ ಹೊರಡುತ್ತಿತ್ತು.

1970ರ ದಶಕದ ಎಲೆಕ್ಟ್ರಾನಿಕ್ ಇಗ್ನಿಷನ್ ಪಾಯಿಂಟನ್ನು ನುಂಗಿತು. ಆಮೇಲೆ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದು ಕಾಯಿಲ್ ಬಂದು, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುತ್ತಿದ್ದ ಡಿಸ್ಟ್ರಿಬ್ಯೂಟರ್, ವೈರ್ ಎರಡೂ ಹೋದವು. ಪ್ಲಗ್ಗಿನ ತುದಿಗೆ ಇರಿಡಿಯಂ ಲೋಹವೂ ಬಂತು. ಅದು ಕರಗಲು 2,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಇಂಥ ತುದಿಯ ಪ್ಲಗ್ಗು 1 ಲಕ್ಷ ಕಿಲೋಮೀಟರಿನವರೆಗೂ ಬಾಳಬಲ್ಲದು. 1996ರಿಂದ ಅಮೆರಿಕದ ಹೊಸ ಕಾರುಗಳಿಗೆ ದೋಷವನ್ನು ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಕಿಡಿ ತಪ್ಪಿದ ಗಳಿಗೆ ಕ್ರ್ಯಾಂಕ್‌ಶಾಫ್ಟ್ ತುಸು ನಿಧಾನಿಸುವುದನ್ನು ಕಂಪ್ಯೂಟರ್ ಹಿಡಿದು, ಒಂದನೇ ಸಿಲಿಂಡರ್ ಆದರೆ ಪಿ0301 ಎಂದು ಬರೆದಿಡುತ್ತದೆ.

ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಇಂದಿನ ದುಂದು ಹುಟ್ಟುವುದೇ ಇಲ್ಲಿ: ಸ್ಕ್ಯಾನರ್ ನೋಡಿದ ಕೂಡಲೇ ಪ್ಲಗ್, ಕಾಯಿಲ್ ಎಲ್ಲವನ್ನೂ ಹೊಸದು ಹಾಕಿಬಿಡುವುದು. ಒಂದನೆಯ ಕಾಯಿಲನ್ನು ಮೂರಕ್ಕೆ ಹಾಕಿ ನೋಡಿ. ಕೋಡ್ ಪಿ0303 ಆದರೆ ಕಾಯಿಲ್ಲೇ ಕೆಟ್ಟಿದೆ. ಆಗದಿದ್ದರೆ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಬೇಕು. ವಾಟರ್ ವಾಷ್ ಆದ ಮರುದಿನದ ಮಿಸ್ಸಿಂಗ್ ಆದರೆ ಪ್ಲಗ್ ಗುಂಡಿಯಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡಿ. ಹಾಗೆಂದು ಮಿಸ್ಸಿಂಗ್ ಇಟ್ಟುಕೊಂಡೇ ಓಡಿಸುವುದೂ ತರವಲ್ಲ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸಬಲ್ಲದು.

ದೀರ್ಘ ಬಾಳಿಕೆಯ ಪ್ಲಗ್ಗಿಗೆ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೂತದ್ದನ್ನು ಎಂಜಿನ್ ಬಿಸಿಯಿರುವಾಗ ಬಿಚ್ಚಹೋದರೆ ಥ್ರೆಡ್ ಕಿತ್ತುಬರಬಹುದು. ತಣ್ಣಗಾದ ಮೇಲೆ, ಗುಂಡಿಯ ಧೂಳನ್ನು ಗಾಳಿಯಿಂದ ಊದಿ ಬಿಚ್ಚಬೇಕು. ಹೊಸದನ್ನು ಮೊದಲ ಸುತ್ತುಗಳಿಗೆ ಕೈಯಿಂದಲೇ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್ ಹಿಡಿಯಬೇಕು.