ಹನ್ನೊಂದನೆಯ ಗಣ: ‘ಸರ್ವಜ್ಞ’ ಎಂಬ ಅಂಕಿತ ಕವಿಯ ಸಹಿಯೇ?

ಸಾಹಿತ್ಯದ ಪಾರಿಭಾಷಿಕ ಪದಗಳನ್ನು ವಿವರಿಸುವ ಕೈಪಿಡಿಗಳನ್ನು ತೆರೆದರೆ ‘ಅಂಕಿತ’ ಎಂಬಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಸಿಗುತ್ತದೆ: ಪದ್ಯದ ಕೊನೆಯಲ್ಲಿ ಕವಿ ಹಾಕುವ ಸಹಿ. ನನಗೂ ಶಾಲೆಯಲ್ಲಿ ಹೀಗೆಯೇ ಹೇಳಿಕೊಟ್ಟರು. ನಾನೂ ಬಹಳ ಕಾಲ ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಈಗ ಇದು ತಪ್ಪು ಎಂದು ಹೇಳಬೇಕಾಗಿದೆ. ಬರಿಯ ಶಬ್ದಾರ್ಥದ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು; ಆದರೆ ಸರ್ವಜ್ಞನ ವಿಷಯದಲ್ಲಿ ಈ ಒಂದು ಸಾಲು ಪಾಠಸಂಶೋಧನೆಯನ್ನೇ ದಾರಿ ತಪ್ಪಿಸಿದೆ.

ತಪ್ಪು ಎಲ್ಲಿಂದ ಬಂತು ಎಂಬುದು ಸ್ಪಷ್ಟವಿದೆ. ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಿದರು ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಆಡಳಿತದ ಕನ್ನಡದಲ್ಲಿ ಅಂಕಿತವೆಂದರೆ ರುಜು. ಆ ಅರ್ಥವನ್ನೇ ಹಿಂದಕ್ಕೆ ಒಯ್ದು ಶರಣರ, ದಾಸರ ರಚನೆಗಳ ಮೇಲೆ ಹೇರಿದ್ದೇವೆ. ಆದರೆ ಅಂಕಿತ ಎಂಬುದರ ಮೂಲಾರ್ಥ ಗುರುತು ಪಡೆದದ್ದು, ಗುರುತು ಹತ್ತಿದ್ದು ಎಂದು. ದಾಸ ಪರಂಪರೆಯಲ್ಲಿ ಗುರು ಶಿಷ್ಯನಿಗೆ ಅಂಕಿತ ಕೊಡುತ್ತಾನೆ. ರುಜುವನ್ನು ಇನ್ನೊಬ್ಬರು ಕೊಡಲು ಬರುತ್ತದೆಯೆ? ಅಂಕಿತ ಪಡೆದವನು ಇಂಥ ದೈವದವನಾದ ಎಂಬುದು ಅಲ್ಲಿಯ ಭಾವ.

ಹಾವೇರಿ ಜಿಲ್ಲೆಯಲ್ಲಿ ನಿಂತು ಈ ಮಾತನ್ನು ಪರೀಕ್ಷಿಸುವುದು ಸುಲಭ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಅಂಕಿತ ‘ಕಾಗಿನೆಲೆಯಾದಿಕೇಶವ’. ಇದೇ ತಾಲೂಕಿನ ಶಿಶುವಿನಹಾಳದ ಶರೀಫರ (1819–1889) ಅಂಕಿತ ‘ಶಿಶುನಾಳಾಧೀಶ’. ಎರಡರಲ್ಲೂ ಕವಿಯ ಹೆಸರಿಲ್ಲ. ಒಂದು ಊರು, ಆ ಊರಿನ ಒಂದು ದೇವರು, ಅಷ್ಟೇ ಇವೆ. ಅದಕ್ಕಿಂತ ಮುಖ್ಯವಾಗಿ, ಈ ಅಂಕಿತಗಳಿಗೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ. ಆದಿಕೇಶವನ, ಆದಿಕೇಶವನಿಗೆ, ಶಿಶುನಾಳಾಧೀಶನ ಎಂದು ಅವು ವಾಕ್ಯದ ಒಳಗೆ ಬೇರೆ ಪದಗಳೊಂದಿಗೆ ಹೆಣೆದುಕೊಳ್ಳುತ್ತವೆ. ಪತ್ರದ ಕೆಳಗಿನ ಸಹಿಗೆ ಷಷ್ಠೀ ವಿಭಕ್ತಿ ಹಚ್ಚಿ ಬರೆದವರನ್ನು ಯಾರೂ ಕಂಡಿರಲಾರರು.

ಛಂದಸ್ಸೂ ಇದನ್ನೇ ಹೇಳುತ್ತದೆ. ‘ಕಾಗಿನೆಲೆಯಾದಿಕೇಶವ’ ಹನ್ನೆರಡು ಮಾತ್ರೆ. ಕೆಲವು ಕೀರ್ತನೆಗಳಲ್ಲಿ ಅದು ‘ನೆಲೆಯಾದಿಕೇಶವ’ ಎಂದು ಒಂಬತ್ತು ಮಾತ್ರೆಗೆ ಇಳಿಯುತ್ತದೆ. ಬಿಟ್ಟುಹೋದದ್ದು ‘ಕಾಗಿ’ ಎಂಬ ಮೂರು ಮಾತ್ರೆ ಮಾತ್ರ, ಆದರೆ ಊರಿನ ಹೆಸರು ಮರೆಯಾಗಿ ‘ನೆಲೆ’ ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಶರೀಫರ ಪದಗಳ ಮುದ್ರಣಗಳಲ್ಲಿ ‘ಶಿಶುನಾಳಾಧೀಶ’, ‘ಶಿಶುವಿನಾಳಧೀಶ’ ಎಂಬ ಎರಡೂ ರೂಪಗಳು ಕಾಣುತ್ತವೆ. ಎಣಿಸಿ ನೋಡಿ, ಎರಡೂ ಒಂಬತ್ತೇ ಮಾತ್ರೆ. ಊರ ಹೆಸರಿನ ಉಚ್ಚಾರ ಬದಲಾಗಿದೆ, ತೂಕ ಬದಲಾಗಿಲ್ಲ. ಹಾಡುವವರ ಕಿವಿ ಕಾಪಾಡಿಕೊಂಡು ಬಂದದ್ದು ತೂಕವನ್ನು.

ಇನ್ನು ಹಿರೇಕೆರೂರು ಸೀಮೆಯ ಸರ್ವಜ್ಞನಿಗೆ ಬರುತ್ತೇನೆ. ಸಹಿ ಎಂದು ವಾದಿಸುವವರ ಕೊನೆಯ ಆಸರೆ ಇವನೇ. ಕನಕ, ಶರೀಫರದು ದೇವರ ಹೆಸರಿರಬಹುದು, ಇಲ್ಲಿ ಮಾತ್ರ ಕವಿಯ ಹೆಸರೇ ಕೊನೆಯಲ್ಲಿದೆಯಲ್ಲ ಎನ್ನುತ್ತಾರೆ. ಕೆಲವು ಮುದ್ರಣಗಳಲ್ಲಿ ಮೂರನೆಯ ಸಾಲಿನ ಕೊನೆಗೆ ಅಲ್ಪವಿರಾಮ ಕೊಟ್ಟು, ಆ ಹೆಸರನ್ನು ದೂರ ಸರಿಸಿ, ನಿಜವಾಗಿಯೂ ರುಜುವಿನಂತೆ ಅಚ್ಚು ಹಾಕಿರುತ್ತಾರೆ. ಈ ಅಚ್ಚಿನ ರೀತಿಗೆ ಛಂದಸ್ಸಿನಲ್ಲಿ ಏನೂ ಆಧಾರವಿಲ್ಲ.

ತ್ರಿಪದಿಗೆ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದನ್ನು ಓದುಗರು ಬಲ್ಲರು. ಸಾಲುಗಳಾಗಿ ಒಡೆದರೆ ನಾಲ್ಕು, ನಾಲ್ಕು, ಮೂರು. ಅಂದರೆ ಮೂರನೆಯ ಸಾಲಿನಲ್ಲಿ ಒಂದು ವಿಷ್ಣು, ಒಂದು ಬ್ರಹ್ಮ, ಮತ್ತೊಂದು ವಿಷ್ಣು. ಮಾತ್ರೆಯ ಲೆಕ್ಕದಲ್ಲಿ ಐದು, ಮೂರು, ಐದು. ‘ಸರ್ವಜ್ಞ’ ಎಂಬ ಪದವನ್ನು ತೂಗಿ ನೋಡೋಣ. ಮೊದಲ ಅಕ್ಷರ ಒತ್ತಕ್ಷರದ ಹಿಂದೆ ಬಂದು ಗುರು, ಎರಡನೆಯದೂ ಹಾಗೆಯೇ ಗುರು, ಮೂರನೆಯದು ಲಘು. ಎರಡು, ಎರಡು, ಒಂದು: ಒಟ್ಟು ಐದು ಮಾತ್ರೆ. ಅಂಶದ ಲೆಕ್ಕ ಹಿಡಿದರೂ ಮೂರು ಅಂಶ, ವಿಷ್ಣುಗಣವೇ. ಈ ಹೆಸರು ತ್ರಿಪದಿಯ ಹನ್ನೊಂದನೆಯ ಗಣದ ಜಾಗದಲ್ಲಿ ಒಂದು ಮಾತ್ರೆಯೂ ಹೆಚ್ಚು ಕಡಿಮೆಯಾಗದೆ ಕೂರುತ್ತದೆ. ಬಾಯಿಂದ ಬಾಯಿಗೆ ಬಂದ ಪಾಠಗಳಲ್ಲಿ ಉಳಿದ ಗಣಗಳು ಅಲ್ಲಲ್ಲಿ ಹಿಗ್ಗುವುದು ಕುಗ್ಗುವುದು ಉಂಟು. ಈ ಗಣಕ್ಕೆ ಆ ತೊಂದರೆ ಇಲ್ಲ. ಪ್ರಾಸದ ಹೊರೆಯೂ ಇದರ ಮೇಲೆ ಇಲ್ಲ, ಏಕೆಂದರೆ ಆದಿಪ್ರಾಸ ನಿಲ್ಲುವುದು ಸಾಲಿನ ಆರಂಭದಲ್ಲಿ, ಒಂಬತ್ತನೆಯ ಗಣದಲ್ಲಿ.

ಹಾಗಾದರೆ ಕವಿಗೆ ಮಾತಾಡಲು ಉಳಿದದ್ದು ಹತ್ತೇ ಗಣ. ಇದರ ಪರಿಣಾಮ ಏನು ಎಂಬುದನ್ನು ಹತ್ತಿರದಿಂದ ನೋಡಲು ನಾನೇ ಒಂದು ಸಾಲು ಕಟ್ಟುತ್ತೇನೆ, ಇದು ಸರ್ವಜ್ಞನದಲ್ಲ: ‘ಕೆರೆಯೊಡೆದ ಊರು ಉಳಿದೀತೆ’. ಐದು, ಮೂರು, ಐದು. ಅಂಕಿತವಿಲ್ಲದ ಬೀಸುವ ಪದದ ಕೊನೆಯ ಸಾಲಾಗಿ ಇದು ಸಲ್ಲುತ್ತದೆ. ಇದರ ತುದಿಗೆ ಸಹಿ ಹಾಕೋಣ: ‘ಕೆರೆಯೊಡೆದ ಊರು ಉಳಿದೀತೆ ಸರ್ವಜ್ಞ’. ಹನ್ನೆರಡನೆಯ ಗಣವೊಂದು ಹೊರಗೆ ಜೋತುಬಿತ್ತು. ಗಟ್ಟಿಯಾಗಿ ಹಾಡಿಕೊಂಡರೆ ಕಿವಿಯೇ ತಡೆಯುತ್ತದೆ. ಸರಿಹೋಗಬೇಕಾದರೆ ‘ಉಳಿದೀತೆ’ ಹೋಗಬೇಕು: ‘ಕೆರೆಯೊಡೆದ ಊರು ಸರ್ವಜ್ಞ’. ಈಗ ಸಾಲು ಕೂತಿತು. ಹೋದದ್ದು ಯಾವುದು? ಕ್ರಿಯಾಪದ. ಕನ್ನಡ ವಾಕ್ಯದಲ್ಲಿ ಕ್ರಿಯಾಪದದ ಜಾಗ ಕೊನೆ. ಆ ಜಾಗವನ್ನು ಅಂಕಿತ ಹಿಡಿದುಕೊಂಡಿದೆ. ಮೊದಲಿನ ಪ್ರಶ್ನೆ ಹೋಗಿ, ಎರಡು ಪದದ ಒಂದು ಉಪಮಾನ ಉಳಿಯಿತು. ಹಿಂದಿನ ಎರಡು ಸಾಲಿನಲ್ಲಿ ಏನೇ ಹೇಳಿದ್ದರೂ ಅದು ಈ ಊರಿನ ಹಾಗೆ ಎಂದು ಕೇಳುವವನೇ ಪೂರ್ತಿ ಮಾಡಿಕೊಳ್ಳಬೇಕು.

ಸರ್ವಜ್ಞನ ತ್ರಿಪದಿಗಳ ಮೂರನೆಯ ಸಾಲುಗಳನ್ನು ಈ ದೃಷ್ಟಿಯಿಂದ ಓದಿಕೊಂಡು ಹೋದರೆ ಕ್ರಿಯಾಪದವಿಲ್ಲದ ಸಾಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಎಲ್ಲವೂ ಹಾಗಿಲ್ಲ, ಒಪ್ಪುತ್ತೇನೆ. ಆದರೂ ಅವನ ಮಾತಿನ ಬಿಗಿ, ಗಾದೆಯ ಗುಣ, ಪೆಟ್ಟು ಕೊಟ್ಟು ನಿಲ್ಲುವ ರೀತಿ ಎಂದು ವಿಮರ್ಶಕರು ಕೊಂಡಾಡಿದ್ದರಲ್ಲಿ ಒಂದು ಪಾಲು ಈ ಹನ್ನೊಂದನೆಯ ಗಣಕ್ಕೆ ಸೇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶೈಲಿಯನ್ನು ಹೀಗೆ ರೂಪಿಸುವ ಪದವನ್ನು ಸಹಿ ಎಂದು ಕರೆದು ಪದ್ಯದ ಹೊರಗೆ ನಿಲ್ಲಿಸುವುದು ಹೇಗೆ?

ವಿರೋಧ ಪಕ್ಷದವರು ಸದಾ ಮುಂದಿಡುವ ಸಾಕ್ಷಿ ಒಂದಿದೆ. ಗರ್ವದಿಂದ ತಾನು ಹೀಗಾಗಲಿಲ್ಲ, ಸರ್ವರಿಂದ ಒಂದೊಂದು ನುಡಿ ಕಲಿತು ವಿದ್ಯೆಯ ಪರ್ವತವಾದೆ ಎಂಬ ಅರ್ಥದ, ಎಲ್ಲರಿಗೂ ಬಾಯಿಪಾಠವಿರುವ ತ್ರಿಪದಿ ಅದು. ಅದರಲ್ಲಿ ಆ ಹೆಸರು ಎರಡು ಸಲ ಬರುತ್ತದೆ, ಮೊದಲ ಸಾಲಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಇನ್ನೊಮ್ಮೆ. ಆರಂಭದ್ದು ಕವಿಯ ಹೆಸರು, ಕೊನೆಯದು ಅವನ ಸಹಿ, ಆದ್ದರಿಂದ ಎರಡೂ ಬೇಕು ಎಂಬುದು ವಾದ. ನಾನು ಇದೇ ತ್ರಿಪದಿಯನ್ನು ನನ್ನ ಪಕ್ಷದ ಸಾಕ್ಷಿಯಾಗಿ ಕರೆಯುತ್ತೇನೆ. ಮೊದಲ ಸಾಲು ಒಂದು ಪ್ರಶ್ನೆ, ಅದು ಅಲ್ಲಿಗೇ ಮುಗಿಯುತ್ತದೆ. ಎರಡನೆಯ ಸಾಲಿನಿಂದ ಹೊಸ ವಾಕ್ಯ. ಆ ವಾಕ್ಯದ ಕ್ರಿಯಾಪದ ‘ಆದ’, ಮೂರು ಮಾತ್ರೆಯ ಪದ, ಹತ್ತನೆಯ ಬ್ರಹ್ಮಗಣದಲ್ಲಿ ಕೂತಿದೆ. ಆದವನು ಯಾರು? ಆ ವಾಕ್ಯಕ್ಕೆ ಕರ್ತೃಪದ ಬೇರೆಲ್ಲೂ ಇಲ್ಲ, ಹನ್ನೊಂದನೆಯ ಗಣದಲ್ಲಿ ಮಾತ್ರ ಇದೆ. ಅಲ್ಪವಿರಾಮ ಹಾಕಿ ಅದನ್ನು ಕತ್ತರಿಸಿದರೆ ವಾಕ್ಯ ಕರ್ತೃವಿಲ್ಲದೆ ನಿಲ್ಲುತ್ತದೆ. ಕವಿಯ ಸಹಿಗೆ ಅತ್ಯುತ್ತಮ ಉದಾಹರಣೆ ಎಂದು ಹಿರಿಯರು ತೋರಿಸಿಕೊಟ್ಟ ಪದ್ಯದಲ್ಲೇ ಅಂಕಿತ ವಾಕ್ಯದ ಕರ್ತೃವಾಗಿ ದುಡಿಯುತ್ತಿದೆ.

ಬೇರೆ ತ್ರಿಪದಿಗಳಲ್ಲಿ ಅದು ಕರ್ತೃವಲ್ಲ. ಅಲ್ಲಿ ಅದನ್ನು ಸಂಬೋಧನೆ ಎಂದು ಓದಲು ಏನೂ ಅಡ್ಡಿಯಿಲ್ಲ. ಪ್ರತ್ಯಯವಿಲ್ಲದ ಬರಿಯ ರೂಪ ಕನ್ನಡದಲ್ಲಿ ಎರಡಕ್ಕೂ ಒದಗುತ್ತದೆ. ಅಮರಕೋಶ ಶಿವನ ಹೆಸರುಗಳಲ್ಲಿ ‘ಸರ್ವಜ್ಞ’ವನ್ನೂ ಎಣಿಸಿದೆ (ಬುದ್ಧನ ಹೆಸರುಗಳಲ್ಲೂ ಎಣಿಸಿದೆ ಎಂಬುದನ್ನು ಮರೆಮಾಚುವುದಿಲ್ಲ). ಏಕಾಂತದ ರಾಮಯ್ಯನ ಶಾಸನದಿಂದ ಇತಿಹಾಸಕಾರರಿಗೆ ಪರಿಚಿತವಾದ, ಅದೇ ಹಿರೇಕೆರೂರು ಸೀಮೆಯ ಅಬಲೂರಿನ ನೆಲದಲ್ಲಿ ಹೀಗೆ ಶಿವನನ್ನು ಕೂಗಿ ಮಾತು ಮುಗಿಸುವುದು ಹೊಸತೇನಲ್ಲ. ಪಕ್ಕದ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ ಶರಣ. ಅವನ ವಚನಗಳಲ್ಲೂ ಆ ಹೆಸರು ‘ಹೀಗೆ ಅಂದವನು’ ಎಂಬ ವಾಕ್ಯದ ಅಂಗವಾಗಿಯೇ ಬರುತ್ತದೆ. ಸರ್ವಜ್ಞನ ತ್ರಿಪದಿಗಳನ್ನು ಜನ ‘ವಚನ’ ಎಂದು ಕರೆಯುತ್ತಾ ಬಂದದ್ದನ್ನು ಪಂಡಿತರು ತಿದ್ದಲು ಹೋಗುತ್ತಾರೆ. ಛಂದಸ್ಸಿನ ದೃಷ್ಟಿಯಿಂದ ಅವರು ಸರಿ. ಅಂಕಿತದ ಸಂಬಂಧದಿಂದ ನೋಡಿದರೆ ಜನರ ಕಿವಿ ಒಂದು ನಂಟನ್ನು ಗುರುತಿಸಿದೆ.

(ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ‘ವಿನಾಯಕ’ ಎಂದು ಬರೆದದ್ದನ್ನು ಕೆಲವರು ಅಂಕಿತ ಎನ್ನುವುದುಂಟು. ಅದು ಕಾವ್ಯನಾಮ. ಪುಸ್ತಕದ ರಕ್ಷಾಪುಟದಲ್ಲಿ ಅದರ ಜಾಗ, ಪದ್ಯದ ಗಣದಲ್ಲಿ ಅಲ್ಲ. ಸಹಿ ಎಂಬ ಮಾತು ಬೇಕೇ ಬೇಕೆಂದರೆ ಇದಕ್ಕೆ ಹೇಳಲಿ.)

ಇನ್ನು ಮೊದಲೇ ಹೇಳಿದ ಪಾಠಸಂಶೋಧನೆಯ ಮಾತು. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸದಿದ್ದರೆ ಇಂದು ನಮಗೆ ವಾದ ಮಾಡಲು ಪದ್ಯಗಳೇ ಇರುತ್ತಿರಲಿಲ್ಲ. ಅವರ ದುಡಿಮೆಯನ್ನು ಹಗುರವಾಗಿ ಕಾಣುವವರೊಡನೆ ನನಗೆ ಸಹಮತವಿಲ್ಲ. ನನ್ನ ತಕರಾರು ಅವರ ಸಂಗ್ರಹದ ಮೇಲಲ್ಲ, ಆಮೇಲಿನವರು ಅದನ್ನು ಬಳಸಿದ ರೀತಿಯ ಮೇಲೆ. ಅಂಕಿತವನ್ನು ಸಹಿ ಎಂದು ನಂಬಿದವರಿಗೆ ಅಂಕಿತವಿದ್ದರೆ ಸಾಕು, ಪದ್ಯ ಸರ್ವಜ್ಞನದು. ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ (ಅಬಲೂರಿನ) ಮಾಳಿ ಎಂದು ಜನ್ಮವೃತ್ತಾಂತ ಹೇಳುವ ತ್ರಿಪದಿಗಳನ್ನು ಕವಿಯ ಆತ್ಮಕಥೆಯೆಂದು ಒಪ್ಪಿದವರ ಬಲವಾದ ಆಧಾರ ಇದೇ. ಆದರೆ ಮೇಲೆ ನಾನೇ ಕಟ್ಟಿದ ‘ಕೆರೆಯೊಡೆದ ಊರು’ ಕೂಡ ಅಂಕಿತ ಹೊತ್ತುಕೊಂಡು ಸರಾಗವಾಗಿ ನಿಂತಿತಲ್ಲ! ಐದು ಮಾತ್ರೆಯ ಒಂದು ಮನೆ ಅದು, ಯಾರು ಬೇಕಾದರೂ ಹೋಗಿ ತುಂಬಬಹುದು. ತಲೆಮಾರುಗಳ ಕಾಲ ಎಷ್ಟೋ ಮಂದಿ ತುಂಬಿದ್ದಾರೆ.

ಹಾಗೆಂದು ಅಂಕಿತ ಪರೀಕ್ಷೆಗೆ ಬಾರದ ವಸ್ತುವಲ್ಲ. ಅದು ಹನ್ನೊಂದನೆಯ ಗಣದಲ್ಲಿ ಕೂತಿದ್ದರೆ ಪದ್ಯ ಸರ್ವಜ್ಞನದೆಂದು ಸಿದ್ಧವಾಗುವುದಿಲ್ಲ. ಹನ್ನೆರಡನೆಯದಾಗಿ ಜೋತುಬಿದ್ದಿದ್ದರೆ ಮಾತ್ರ ಅನುಮಾನಕ್ಕೆ ಕಾರಣವುಂಟು: ಅಂಕಿತವಿಲ್ಲದ ಯಾವುದೋ ಗರತಿಯ ಹಾಡು ಆಮೇಲೆ ಈ ಹೆಸರು ಹೊತ್ತಿರಬಹುದು. ಹಿಂದಿನವರು ಅಂಕಿತವನ್ನು ಒಪ್ಪಿಕೊಳ್ಳಲು ಬಳಸಿದರು. ಅದು ಕೆಲಸಕ್ಕೆ ಬರುವುದು ಸಂಶಯಪಡುವಲ್ಲಿ.

ಈ ಪರೀಕ್ಷೆ ನಡೆಯಬೇಕಾದರೆ ಹೋಲಿಕೆಗೆ ಅಂಕಿತವಿಲ್ಲದ ತ್ರಿಪದಿಗಳು ಬೇಕು. ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯ ಮನೆಗಳಲ್ಲಿ ಬೀಸುವ ಪದ ಬಲ್ಲ ಅಜ್ಜಿಯರಿದ್ದರೆ ದಯವಿಟ್ಟು ಅವರ ಹಾಡನ್ನು ಬರೆದುಕೊಳ್ಳಿ, ಸಾಧ್ಯವಾದರೆ ಧ್ವನಿಯನ್ನೂ ಹಿಡಿದಿಡಿ. ಎಲ್ಲಿ ಉಸಿರು ನಿಲ್ಲಿಸಿದರು, ಯಾವ ಸಾಲನ್ನು ಮರಳಿ ಹಾಡಿದರು, ಮೂರನೆಯ ಸಾಲಿನ ಕೊನೆಯ ಪದ ಯಾವುದು ಎಂಬುದನ್ನು ತಪ್ಪದೆ ಗುರುತು ಮಾಡಿಕೊಳ್ಳಿ. ಮತ್ತು ಸರ್ವಜ್ಞನನ್ನು ಇನ್ನು ಮುಂದೆ ಅಚ್ಚು ಹಾಕುವವರು ಆ ಹೆಸರಿನ ಹಿಂದಿನ ಅಲ್ಪವಿರಾಮವನ್ನು ತೆಗೆದುಹಾಕಲಿ.