ಜಾತ್ರೆಯ ಜನಸಂದಣಿ: ಹೊಣೆ ಯಾರದು?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಎಲ್ಲಮ್ಮನಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ಎಣ್ಣೆಹೊಂಡದಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಎಲ್ಲರೂ ಹೋಗುವುದು ಒಂದೇ ಗುಡಿಯತ್ತ. ಇಂಥ ಸಂದಣಿಯಲ್ಲಿ ಅವಘಡವಾದಾಗ ‘ಜನರೇ ನುಗ್ಗಿದರು’ ಎನ್ನುವುದು ರೂಢಿ. ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪೊಲೀಸರು ಹೊರಗಿನ ಗೇಟು ತೆರೆಸಿದರು. ಪ್ರೇಕ್ಷಕರಿಂದ ಆಗಲೇ ತುಂಬಿದ್ದ ಕಟಕಟೆಗಳ ದಾರಿಯನ್ನು ಮಾತ್ರ ಮುಚ್ಚಿಸಲಿಲ್ಲ. 97 ಜನ ಸತ್ತರು. ದೂಷಣೆ ಪ್ರೇಕ್ಷಕರ ತಲೆಗೆ ಬಂತು. ಅವರದು ತಪ್ಪಿಲ್ಲವೆಂಬ ಜ್ಯೂರಿ ತೀರ್ಪು ಬಂದದ್ದು 2016ರಲ್ಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35 ಸಾವಿರ ಜನ. 2025ರ ಜೂನ್ 4ರಂದು ಆರ್‌ಸಿಬಿ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಲಕ್ಷಗಟ್ಟಲೆ ಜನ ಸೇರಿ, ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು.

ಜನರಿಗೂ ಶಿಸ್ತು ಬೇಡವೇ ಎಂದು ಕೇಳಬಹುದು. ಬೇಕು, ನಿಜ. ಆದರೆ ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿ ನಿಂತರೆ ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ. ಎದೆ ಅದುಮಿ ನಿಂತಲ್ಲೇ ಉಸಿರು ಕಟ್ಟುತ್ತದೆ. ಮುಂದೇನಾಗಿದೆ ಎಂಬುದು ಹಿಂದಿದ್ದವನಿಗೆ ಕಾಣುವುದಿಲ್ಲ. ಇಡೀ ಸಂದಣಿಯನ್ನು ನೋಡಬಲ್ಲವರು, ದಾರಿ ತಿರುಗಿಸಬಲ್ಲವರು ವ್ಯವಸ್ಥಾಪಕರು ಮತ್ತು ಆಡಳಿತ ಮಾತ್ರ. ದೇವರ ದರ್ಶನಕ್ಕೆ ಯಾರೂ ಟಿಕೆಟ್ ಮಾರಿ ಕರೆದಿಲ್ಲ ಎಂಬ ವಾದವೂ ನಿಲ್ಲದು. ಹುಣ್ಣಿಮೆ ಪಂಚಾಂಗದಲ್ಲಿ ಮೊದಲೇ ಇರುತ್ತದೆ. ಜನ ಬರುವುದು ಗೊತ್ತಿದ್ದ ಮೇಲೆ ಹೋಗಲೊಂದು, ಬರಲೊಂದು ದಾರಿ ಮಾಡುವುದು, ಸರತಿಯನ್ನು ದೂರದಲ್ಲೇ ತಡೆಯುವುದು ವ್ಯವಸ್ಥಾಪಕರ ಮತ್ತು ಆಡಳಿತದ ಕರ್ತವ್ಯ.